ಬಂಡ್ರಿಗೆ ಹೋದ ಜೋಡಿ ಗ್ರಾಫು

ನಮ್ಮ ಮಾಮನಿಗೆ ಒಂದು ವಸ್ತು ಕಾಣಿಸುವುದಿಲ್ಲ. ಕಣ್ಣಿನ ದೋಷವೇನಲ್ಲ, ಹೊಸಪೇಟೆ ಬಸ್‌ಸ್ಟ್ಯಾಂಡಿನ ಈ ತುದಿಯಲ್ಲಿ ನಿಂತು ಆ ತುದಿಯ ಕಂಪ್ಲಿ ಬಸ್ಸಿನ ಬೋರ್ಡು ಓದುತ್ತಾರೆ. ಆದರೆ ಯಾವುದೇ ವಸ್ತು ಒಂಟಿಯಾಗಿದ್ದರೆ ಅವರ ಪಾಲಿಗೆ ಅದು ಇಲ್ಲವೇ ಇಲ್ಲ. ಪಕ್ಕದಲ್ಲಿ ಅದೇ ಜಾತಿಯ ಇನ್ನೊಂದನ್ನು ಇಡಬೇಕು, ಆಗ ಎರಡೂ ಕಾಣಿಸುತ್ತವೆ. ಮಂಡಕ್ಕಿ ಒಗ್ಗರಣೆ-ಮಿರ್ಚಿ ತಿನ್ನಬೇಕೆಂದರೂ ಎರಡು ಅಂಗಡಿಯಿಂದ ತರಿಸಿ, ಎರಡು ತಟ್ಟೆ ಜೋಡಿಸಿ, ಮಿರ್ಚಿಯ ಉದ್ದ ಹೋಲಿಸುತ್ತಾರೆ. ತೀರ್ಪು ಬರುವಷ್ಟರಲ್ಲಿ ನಾನು ಎರಡೂ ತಟ್ಟೆ ಖಾಲಿ ಮಾಡಿರುತ್ತೇನೆ. ಹೆಣ್ಣು ನೋಡಲು ಹೋದಾಗಲೂ, "ಪಕ್ಕಕ್ಕ ಇನ್ನೊಬ್ರನ್ನ ಕುಂದ್ರಿಸ್ರಿ" ಅಂದಿದ್ದರಂತೆ. ಅತ್ತೆಯ ಅಜ್ಜಿ ಸೆರಗು ಸರಿಮಾಡಿಕೊಂಡು ತಾನೇ ಬಂದು ಕುಳಿತರಂತೆ. ಅತ್ತೆ ಪಾಸಾದದ್ದು ಹಾಗೆ.

ಮಾಮ ಅಂದರೆ ನಮ್ಮ ಅವ್ವನ ತಮ್ಮ. ಊರಿನ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಾರೆ. ಕಂಪ್ಯೂಟರಿನಲ್ಲಿ ಗ್ರಾಫು ಬರೆಯಲು 'ಆರ್' ಅನ್ನುವ ಒಂದು ಭಾಷೆ ಇದೆಯಂತೆ. ಹೆಸರಿಗೆ ಒಂದೇ ಅಕ್ಷರ, ಕಾಟಕ್ಕೆ ಐವತ್ತೆರಡು. ಅದರಲ್ಲಿ ಒಂದು ಸಾಲು ಬರೆದರೆ ಹಾಳೆ ಎರಡು ಚೌಕವಾಗಿ ಒಡೆಯುತ್ತದೆ, ಎಡಕ್ಕೊಂದು ಗ್ರಾಫು, ಬಲಕ್ಕೊಂದು ಗ್ರಾಫು ಅಕ್ಕಪಕ್ಕ ಕೂರುತ್ತವೆ. ಈ ಸಾಲನ್ನು ಕಲಿತ ದಿನ ಮಾಮ ಮನೆಯಲ್ಲಿ ಕೇಸರಿಬಾತ್ ಮಾಡಿಸಿದರು. ಎರಡು ಪಾತ್ರೆಯಲ್ಲಿ. ಆ ಭಾಷೆಯ ಇನ್ನೊಂದು ಗುಣವೆಂದರೆ, ಒಮ್ಮೆ ಹಾಳೆ ಒಡೆ ಅಂದರೆ, ಸಾಕು ಮಾರಾಯ ಅನ್ನುವವರೆಗೂ ಒಡೆಯುತ್ತಲೇ ಇರುತ್ತದೆ. ಹೇಳಿದ್ದನ್ನು ಮರೆಯುವುದಿಲ್ಲ. ಈ ವಿಷಯದಲ್ಲಿ ಅದು ಅತ್ತೆಯ ಕಡೆಯ ಸಂಬಂಧ.

ಅಂಕಿಅಂಶದಲ್ಲಿ ನಾನು ಎರಡು ಸಲ ಫೇಲಾದವನು. ಮಾಮ ಬೈಯಲಿಲ್ಲ. ಎರಡೂ ಸಲದ ಅಂಕಗಳನ್ನು ಅಕ್ಕಪಕ್ಕ ಗ್ರಾಫು ಮಾಡಿ ಗೋಡೆಗೆ ಅಂಟಿಸಿದರು. ಒಂದರ ಮೇಲೆ ಒಂದು ಪೇರಿಸಿದರೂ ಪಾಸಿನ ಗೆರೆ ಮುಟ್ಟುತ್ತಿರಲಿಲ್ಲ. ಸೇಡಿಗಾಗಿ ನಾನು ಮದುವೆ ಮನೆಗಳಲ್ಲಿ ಅವರ ದನಿ ತೆಗೆಯುತ್ತೇನೆ. ಮೂಗಿನ ತುದಿಗೆ ಕನ್ನಡಕ ಇಳಿಸಿ, "ಲೇ, ಒಂದ ಗ್ರಾಫು ಅಂದ್ರ ಚಾಡಿ. ಎರಡು ಅಂದ್ರ ಸಾಕ್ಷಿ" ಅಂದರೆ ಸಾಕು, ಊಟದ ಪಂಕ್ತಿಯೆಲ್ಲ ಬಿದ್ದು ಬಿದ್ದು ನಗುತ್ತದೆ. ಮಾಮನೂ ನಗುತ್ತಾರೆ, ಆಮೇಲೆ ನನ್ನ ದನಿಯನ್ನೂ ಅವರ ದನಿಯನ್ನೂ ಅಕ್ಕಪಕ್ಕ ರೆಕಾರ್ಡು ಮಾಡೋಣ ಬಾ ಅನ್ನುತ್ತಾರೆ.

ಅತ್ತೆ ಸಂಡೂರಿನಾಚೆ ಬಂಡ್ರಿ ಊರಿನ ಕಡೆ ನರ್ಸು. ಒಂದು ಸಂಜೆ ಚಪ್ಪಲಿ ಬಿಡುತ್ತಲೇ ಶುರುಮಾಡಿದರು.

"ರೀ, ಅಲ್ಲೊಂದು ಅವಳಿ ಅದಾವು. ಗಂಡೊಂದು, ಹೆಣ್ಣೊಂದು. ಏಳು ತಿಂಗಳಾತು. ಗಂಡು ಚಲೋ ಐತಿ. ಹೆಣ್ಣು ತೂಕದಾಗ ಏರವಲ್ತು. ಈ ವಾರದಾಗ ಸಂಡೂರು ಆಸ್ಪತ್ರಿಗೆ ಸೇರಿಸ್ಬೇಕು. ಆ ಮುದುಕಿ ಒಪ್ಪಂಗಿಲ್ಲ."

"ಯಾವ ಮುದುಕಿ?"

"ಕೂಸಿನ ಅಪ್ಪನ ತಾಯಿ. ಒಂದ ಹೊಟ್ಟ್ಯಾಗ ಹುಟ್ಟಿದ್ದು, ಒಂದ ಹಾಲು ಕುಡಿದದ್ದು, ಹೆಣ್ಕೂಸು ಅಂದ್ಮ್ಯಾಲ ಸಣ್ಣಗ ಇರ್ತತಿ ಅಂತಾಳ. ಆಕಿ ಹೂಂ ಅನ್ನೋ ತನಕ ಸೊಸಿ ಹೊಸ್ತಿಲ ದಾಟಂಗಿಲ್ಲ. ಕಾರ್ಡಿನ್ಯಾಗ ತೂಕ ಬರದು ಬರದು ನನ್ನ ಕೈ ನೊಂದೈತಿ, ಆಕಿಗೆ ಅಂಕಿ ಓದಾಕ ಬರಂಗಿಲ್ಲ. ನಿಮ್ಮ ಹುಚ್ಚು ಒಂದ್ಸಲನರ ಉಪಯೋಗಕ್ಕ ಬರ್ಲಿ. ಕಣ್ಣಿಗೆ ಕಾಣೋಹಂಗ ಬರದು ಕೊಡ್ರಿ."

ಅವಳಿ! ಎರಡು ಕೂಸು, ಏಳು ತಿಂಗಳು, ಅಕ್ಕಪಕ್ಕ! ಮಾಮನ ಮುಖ ನೋಡಬೇಕಿತ್ತು. ಹುಟ್ಟುವಾಗಲೇ ಜೋಡಿಸಿಕೊಂಡು ಬಂದ ಮಾಹಿತಿ ಯಾವ ಸಂಖ್ಯಾಶಾಸ್ತ್ರಜ್ಞನ ಹಣೆಯಲ್ಲಿ ಬರೆದಿರುತ್ತದೆ?

ಕೂತರು. ಮೊದಲ ಸಲ ಕಂಪ್ಯೂಟರು ಒಪ್ಪಲಿಲ್ಲ. ಅಂಚು ತೀರಾ ದೊಡ್ಡದಾಯಿತು, ಚಿತ್ರಕ್ಕೆ ಜಾಗವಿಲ್ಲ ಎಂದು ಕೆಂಪಕ್ಷರದಲ್ಲಿ ಹೇಳಿತು. ಮಾಮ ಶೀರ್ಷಿಕೆಗೆ, ಟಿಪ್ಪಣಿಗೆ, ಟಿಪ್ಪಣಿಯ ಟಿಪ್ಪಣಿಗೆ ಅಂತ ನಾಲ್ಕೂ ಕಡೆ ಜಾಗ ಬಿಟ್ಟಿದ್ದರು. ನಮ್ಮೂರ ಮದುವೆ ಪತ್ರಿಕೆಯ ಹಾಗೆ, ಹಿರಿಯರ ಹೆಸರೇ ತುಂಬಿ ಮದುಮಕ್ಕಳಿಗೆ ಸಂದಿಯಿಲ್ಲ. ಅದನ್ನು ಸರಿಮಾಡಿ, ಅಗಲ ಮೂವತ್ತು, ಎತ್ತರ ಹದಿನೈದು ಅಂತ ಸೆಂಟಿಮೀಟರ್ ಲೆಕ್ಕದಲ್ಲಿ ಬರೆದರು. ಆರ್ ಅದನ್ನು ಇಂಚು ಅಂತ ತಿಳಿದುಕೊಂಡಿತು.

ಜೆರಾಕ್ಸ್ ಅಂಗಡಿಯವನು ತಲೆಯಾಡಿಸಿದ. "ಸಾರ್, ಇದು ನಮ್ಮ ಪೇಪರಿಗೆ ಕುಂದ್ರಂಗಿಲ್ಲ. ಕುಗ್ಗಿಸ್ಲೇನು?"

"ಕುಗ್ಗಿಸಿದ್ರ ಅಕ್ಷರ ಕುಗ್ತಾವು, ಚುಕ್ಕಿ ಕುಗ್ತಾವು. ಬ್ಯಾಡ."

ಹೀಗಾಗಿ ಗ್ರಾಫು ಫ್ಲೆಕ್ಸ್ ಅಂಗಡಿಗೆ ಹೋಯಿತು. ಅಲ್ಲಿಯವನು ಪರದೆಯನ್ನು ದಿಟ್ಟಿಸಿ ನೋಡಿ, "ಸಾರ್, ಲೀಡರ್ ಫೋಟೋ ಎಲ್ಲೈತಿ?" ಅಂದ. ಲೀಡರ್ ಇಲ್ಲ, ಎರಡು ಕೂಸು ಅಂದೆವು. "ಓ, ನಾಮಕರಣನಾ" ಅಂದವನು, ಕೈಚಳಕ ತೋರಿಸಿ ಸುತ್ತ ಚೆಂಡುಹೂವಿನ ಅಂಚು ಕಟ್ಟಿ, ಕೆಳಗೆ 'ಶುಭ ಕೋರುವವರು' ಅಂತಲೂ ಹೊಡೆದುಬಿಟ್ಟ.

ಬೈಕಿನಲ್ಲಿ ನಾನು ಮುಂದೆ, ಮಾಮ ಹಿಂದೆ, ಅವರ ಹೆಗಲ ಮೇಲೆ ಸುರುಳಿ. ಅದಿರಿನ ಲಾರಿಗಳ ಧೂಳು ಕುಡಿಯುತ್ತ ಬಂಡ್ರಿ ಮುಟ್ಟಿದಾಗ ಇಬ್ಬರೂ ಒಂದೇ ಬಣ್ಣವಾಗಿದ್ದೆವು. ಅತ್ತೆ ಆಗಲೇ ಬಂದಿದ್ದರು. ಕಟ್ಟೆಯ ಮೇಲೆ ಅಜ್ಜಿ, ಅಜ್ಜಿಯ ತೊಡೆಯ ಮೇಲೆ ಗಂಡುಕೂಸು. ಸೊಸೆ ಹೊಸ್ತಿಲ ಒಳಗೆ, ಹೆಗಲಿಗೆ ಹೆಣ್ಣುಕೂಸು. ಅದು ಅಳುತ್ತಲೂ ಇರಲಿಲ್ಲ.

ಮಾಮ ಗೋಡೆಗೆ ಫ್ಲೆಕ್ಸ್ ಹಿಡಿದು ನಿಂತರು. ಎಡ ಚೌಕದಲ್ಲಿ ಅಣ್ಣನ ತೂಕದ ಗೆರೆ ಕೆಳಮೂಲೆಯಿಂದ ಮೇಲ್ಮೂಲೆಗೆ ಹತ್ತಿತ್ತು. ಬಲ ಚೌಕದಲ್ಲಿ ತಂಗಿಯ ಗೆರೆಯೂ ಕೆಳಮೂಲೆಯಿಂದ ಮೇಲ್ಮೂಲೆಗೆ ಹತ್ತಿತ್ತು. ಎರಡೂ ಚೌಕ ತುಂಬಿ ತುಳುಕುತ್ತಿದ್ದವು. ಅಜ್ಜಿ ಬಹಳ ಹೊತ್ತು ನೋಡಿದಳು.

"ನೋಡ್ರಿ ನರ್ಸಮ್ಮ," ಅಂದಳು, "ಅಣ್ಣಗ ತಂಗಿ ಎಲ್ಲೆ ಕಮ್ಮಿ ಅದಾಳ? ಇಬ್ರೂ ಸರಿಸಮ ಏರ್ಯಾರ. ನಾನು ಬರದಿದ್ದಲ್ಲ, ನಿಮ್ಮ ಯಜಮಾನ್ರ ಬರದಿದ್ದು."

ಹೊಗಳಿಕೆ ಎಂದು ತಿಳಿದು ಮಾಮ ಹಲ್ಲು ಬಿಟ್ಟರು. ಆಮೇಲೆ ಅತ್ತೆಯ ಮುಖ ನೋಡಿದರು.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎರಡು ಚೌಕದ ಪಕ್ಕದ ಅಂಕಿಗಳ ಮೇಲೆ ಉಗುರು ಇಟ್ಟು ಕೇಳಿದರು: "ಇಲ್ಲಿ ತುದಿ ಏಳೂವರಿ ಕಿಲೋ. ಇಲ್ಲಿ ತುದಿ ಐದು. ಎರಡೂ ಒಂದ ಎತ್ತರಕ್ಕ ಯಾಕ ನಿಂತಾವು?"

ಯಾಕೆಂದರೆ, ನಾವು ಹೇಳದ ಹೊರತು ಆರ್ ಪ್ರತಿ ಗ್ರಾಫಿಗೂ ಅದರದೇ ಅಳತೆ ಹಾಕುತ್ತದೆ. ಇದ್ದದ್ದನ್ನು ಹಿಗ್ಗಿಸಿ ಚೌಕ ತುಂಬಿಸುತ್ತದೆ; ಒಂದು ಕಡೆ ಕಂಬಳಿ, ಇನ್ನೊಂದು ಕಡೆ ಕರ್ಚೀಫು ಇಟ್ಟರೂ ಎರಡೂ ಒಂದೇ ಅಗಲ ಕಾಣುತ್ತವೆ. ಅಕ್ಕಪಕ್ಕ ಇಡುವ ಮೊದಲು ಅಳತೆ ಒಂದು ಮಾಡು ಅಂತ ಪ್ರತಿವರ್ಷ ಮೊದಲ ಪಾಠದಲ್ಲೇ ಬೋರ್ಡಿನ ಮೇಲೆ ಬರೆಯುವವರು ನಮ್ಮ ಮಾಮನೇ.

ವಾಪಸು ಬರುವಾಗ ಅವರ ಬಾಯಿಂದ ಒಂದೇ ಮಾತು ಬಂತು, ಅದೂ ಸಂಡೂರು ದಾಟಿದ ಮೇಲೆ. "ಎರಡೂ ಚಂದ ಕಂಡ್ವು ಲೇ. ಚಂದ ಅಂದ್ಕೊಂಡು ಸುಮ್ನಾದೆ." ಆ ದನಿಯನ್ನು ನಾನು ಇವತ್ತಿನವರೆಗೂ ಯಾರ ಮುಂದೆಯೂ ತೆಗೆದಿಲ್ಲ. ತೆಗೆಯಲು ಬರುವುದಿಲ್ಲ ಅನ್ನುವುದೂ ನಿಜ.

ಬಟ್ಟೆಯ ಧೂಳು ಕೂಡ ಕೊಡವದೆ ಕಂಪ್ಯೂಟರಿನ ಮುಂದೆ ಕೂತರು. ಎರಡು ಚೌಕಕ್ಕೂ ಕೆಳಗೆ ಸೊನ್ನೆ, ಮೇಲೆ ಹತ್ತು ಕಿಲೋ, ಬಲಕ್ಕೆ ಮುಂದಿನ ತಿಂಗಳುಗಳಿಗೂ ಜಾಗ. ಅಷ್ಟೇ, ಒಂದು ಸಾಲಿನ ಕೆಲಸ. ಫ್ಲೆಕ್ಸ್ ಅಂಗಡಿಯವನು ಅಳತೆ ಚಿಕ್ಕದು ಮಾಡಲೇ ಅಂತ ಕೇಳಿದ, ಬೇಡ ಅಂದರು. ಹೂವು ಬೇಡ ಅನ್ನುವಷ್ಟರಲ್ಲಿ ಅವನು ಹೂವು ಹಾಕಿಯಾಗಿತ್ತು.

ಮರುದಿನ ಅದೇ ಗೋಡೆ, ಅದೇ ಕಟ್ಟೆ. ಈ ಸಲ ಮಾಮ ಫ್ಲೆಕ್ಸಿನ ಒಂದು ತುದಿ ಹಿಡಿದು ನಿಂತರು. ಇನ್ನೊಂದು ತುದಿ ನಾನು ಹಿಡಿದೆ. ಅಜ್ಜಿ ಗಂಡುಕೂಸನ್ನು ಅತ್ತೆಯ ಕೈಗೆ ಕೊಟ್ಟು ಎದ್ದು ಬಂದಳು. ಅಂಕಿ ಬಾರದಿದ್ದರೇನು, ಕೈ ಇತ್ತಲ್ಲ. ಮೊಮ್ಮಗನ ಚೌಕದ ಕೆಳಗೆರೆಗೆ ಹೆಬ್ಬೆರಳು ಊರಿ ಗೇಣು ಹಾಕಿದಳು. "ಒಂದು ಗೇಣು, ಎರಡು ಬಟ್ಟು." ಮೊಮ್ಮಗಳ ಚೌಕಕ್ಕೆ ಬಂದಳು. ಗೆರೆಯ ತುದಿ ಅವಳ ಕಿರುಬೆರಳಿಗಿಂತ ಕೆಳಗೇ ಉಳಿಯಿತು. ಇನ್ನೊಮ್ಮೆ ಹಾಕಿದಳು. ಬೆರಳು ಮಡಿಚಿ, ಬಿಚ್ಚಿ, ಮತ್ತೆ ಹಾಕಿದಳು.

"ಗೇಣು ತುಂಬವಲ್ತು," ಅಂದಳು.

ಅಜ್ಜಿ ಹೊಸ್ತಿಲ ಕಡೆ ತಿರುಗಿದಳು.

"ಸಂಡೂರು ಬಸ್ಸು ಎಷ್ಟಕ್ಕೈತಿ? ಕೂಸಿನ ತಲಿಗೆ ಕುಲಾಯಿ ಹಾಕು, ನಡಿ. ನಾನೂ ಬರ್ತೀನಿ."

ಸೊಸೆ ಹೊಸ್ತಿಲು ದಾಟಿದಳು.

ಹೆಣ್ಣುಕೂಸು ಆಸ್ಪತ್ರೆಯಲ್ಲಿ ಕೆಲವು ವಾರ ಇದ್ದು ಮನೆಗೆ ಬಂತು. ಎರಡನೆಯ ಫ್ಲೆಕ್ಸು ಈಗ ಅವರ ಪಡಸಾಲೆಯ ಗೋಡೆಯಲ್ಲಿದೆ, ಚೆಂಡುಹೂವಿನ ಸಮೇತ. ತಿಂಗಳಿಗೊಮ್ಮೆ ಅತ್ತೆ ತೂಕ ನೋಡುತ್ತಾರೆ, ಮಾಮ ಮಾರ್ಕರ್ ಪೆನ್ನಿನಲ್ಲಿ ಚುಕ್ಕೆ ಇಡುತ್ತಾರೆ, ನಾನು ಬೈಕು ಓಡಿಸುತ್ತೇನೆ. ಕೆಲಸ ಹಂಚಿಕೆ ಯೋಗ್ಯತೆಗೆ ತಕ್ಕಂತೆ. ಹೋದ ತಿಂಗಳು ಹೋದಾಗ ಕೂಸು ನನ್ನ ಮೂಗು ಹಿಡಿದು ಎಳೆಯಿತು, ಅಷ್ಟು ಕಸುವು. ನಾನು ಕುಶಾಲಿಗೆ ಗೋಡೆ ತೋರಿಸಿ, "ಮಾಮ, ಇಕಿ ಚೌಕದಾಗ ಮ್ಯಾಲ ಭಾಳ ಖಾಲಿ ಉಳದೈತಿ. ಅಷ್ಟು ಕತ್ತರಿಸಿ ಹಾಕಿದ್ರ ಗೆರಿ ಮಸ್ತ್ ಕಾಣ್ತತಿ ನೋಡ್ರಿ" ಅಂದೆ.

ಮಾಮ ಉತ್ತರಿಸುವ ಮೊದಲೇ ಕೂಸಿನ ತಾಯಿ ಬಾಯಿ ತೆರೆದಳು. ಅವಳ ದನಿಯನ್ನು ನಾನು ಸರಿಯಾಗಿ ಕೇಳಿದ್ದು ಅದೇ ಮೊದಲು.

"ಬ್ಯಾಡ್ರಿ ಅಣ್ಣ, ಅದು ಹಂಗ ಇರ್ಲಿ. ಆಕಿ ಇನ್ನಾ ಅಲ್ಲಿಗೆ ಹೋಗ್ಬೇಕಲ್ಲ."

ಮಾಮ ಮಾರ್ಕರಿನ ಮುಚ್ಚಳ ತೆಗೆದರು. ಆ ತಿಂಗಳ ಚುಕ್ಕೆ ಎಲ್ಲಿ ಬರಬೇಕೆಂದು ಬೆರಳಿಟ್ಟು ತೋರಿಸಿ, ಪೆನ್ನನ್ನು ಅವಳ ಕೈಗೆ ಕೊಟ್ಟರು.