ಬಾಗಿಲಿಲ್ಲದ ಬ್ಲಾಗು

ಎಲ್ಲದಕ್ಕೂ ಕಾರಣ ಒಂದು ಚೌಕ. ಕಡಲೆಕಾಳಿನಷ್ಟಿತ್ತು. ಬ್ಲಾಗು ತೆರೆಯುವಾಗ, ಇದನ್ನು ಯಾರು ನೋಡಬಹುದು ಎಂದು ಫೋನು ಕೇಳಿತು. ‘ತರಗತಿಯವರು ಮಾತ್ರ’ ಎಂಬ ಚೌಕವನ್ನು ಒತ್ತಲು ಮನೋಹರ್ ಹೆಬ್ಬೆರಳು ಇಳಿಸುವುದಕ್ಕೂ ದೇವನಹಳ್ಳಿ ಬಸ್ಸು ಹಂಪಿನ ಮೇಲೆ ಹಾರುವುದಕ್ಕೂ ಸರಿಹೋಯಿತು. ಬೆರಳು ಒಂದು ಸಾಲು ಕೆಳಗೆ ಜಾರಿ ‘ಎಲ್ಲರೂ’ ಎಂಬ ಚೌಕದ ಮೇಲೆ ಕೂತಿತು. ಪಕ್ಕದವನ ಮೊಣಕೈ ಪಕ್ಕೆಗೆ ಚುಚ್ಚುತ್ತಿತ್ತು, ಕಂಡಕ್ಟರ್ ಚಿಲ್ಲರೆಗಾಗಿ ಗೊಣಗುತ್ತಿದ್ದ, ಮನೋಹರ್ ಅದನ್ನು ಗಮನಿಸಲಿಲ್ಲ. ಬ್ಲಾಗು ಕಟ್ಟಿದ, ಬಾಗಿಲು ಇಡುವುದನ್ನು ಮರೆತ.

ಮನೋಹರ್ ಕಾಳಪ್ಪನಪಾಳ್ಯದ ಸರ್ಕಾರಿ ಪ್ರೌಢಶಾಲೆಯ ಇಂಗ್ಲಿಷ್ ಮೇಷ್ಟ್ರು. ನಲ್ಲೂರಿನ ಹುಣಸೆತೋಪು ದಾಟಿ ಇನ್ನೂ ನಾಲ್ಕು ಕಿಲೋಮೀಟರ್ ಹೋದರೆ ಆ ಊರು. ಅವನ ಮನೆಯಿದ್ದದ್ದು ನೆಲಮಂಗಲದಲ್ಲಿ. ನೆಲಮಂಗಲದಿಂದ ದೊಡ್ಡಬಳ್ಳಾಪುರ, ಅಲ್ಲಿಂದ ದೇವನಹಳ್ಳಿ, ಅಲ್ಲಿಂದ ಪಾಳ್ಯ: ಮೂರು ಬಸ್ಸು, ಎರಡೂವರೆ ಗಂಟೆ, ಮತ್ತೆ ಅಷ್ಟೇ ವಾಪಸ್ಸು. ಮಗಳು ಏಳುವ ಮುಂಚೆ ಹೊರಡುತ್ತಿದ್ದ, ಮಲಗಿದ ಮೇಲೆ ಬರುತ್ತಿದ್ದ. ಮೂರು ವರ್ಷದ ಆ ಮಗು ಅವನನ್ನು ಕಾಣುತ್ತಿದ್ದದ್ದು ವಾರಕ್ಕೊಂದು ದಿನ. ಹಾಗಾಗಿ ಅವನಿಗೆ ಅದು ತಾನೇ ಒಂದು ಹೆಸರಿಟ್ಟಿತ್ತು: ಭಾನುವಾರದಪ್ಪ.

ಸೋಂಪುರದ ಕಡೆ ಒಂದು ಶಾಲೆಯಲ್ಲಿ ಇಂಗ್ಲಿಷ್ ಹುದ್ದೆ ಖಾಲಿ ಇತ್ತು. ಮನೆಯಿಂದ ಒಂದೇ ಬಸ್ಸು. ಅಲ್ಲಿಗೆ ನಿಯೋಜನೆ ಮಾಡಿಕೊಡಿ ಎಂದು ಎರಡು ಸಲ ಅರ್ಜಿ ಹಾಕಿದ್ದ. ಎರಡು ಸಲವೂ ‘ಕಾರಣ ಸಾಲದು’ ಎಂದು ಬರೆಸಿಕೊಂಡು ಕಡತ ಹಿಂದಕ್ಕೆ ಬಂದಿತ್ತು. ಮೂರನೇ ಸಲ ಇಂಗ್ಲಿಷ್ ವಿಷಯ ಪರಿವೀಕ್ಷಕ ಆದಿನಾರಾಯಣಪ್ಪನವರೇ ಸ್ವಲ್ಪ ಕರಗಿದ್ದರು. ಈಗೆಲ್ಲ ಮೇಲಿಂದ ಆನ್‌ಲೈನು, ಆನ್‌ಲೈನು ಅಂತ ಪ್ರಾಣ ತಿಂತಾರೆ, ಮಕ್ಕಳ ಕೈಲಿ ಒಂದು ಕ್ಲಾಸ್ ಬ್ಲಾಗ್ ಮಾಡಿಸಿ ತೋರಿಸಿ, ಗುರುವಾರ ಮೂರು ಗಂಟೆಗೆ ಕಡತ ಹಿಡ್ಕೊಂಡೇ ಬರ್ತೀನಿ ಎಂದಿದ್ದರು.

ಮನೋಹರ್ ಒಂಬತ್ತನೇ ತರಗತಿಗೆ ‘ನಮ್ಮ ಮನೆ’ ಎಂಬ ವಿಷಯ ಕೊಟ್ಟ. ಅದುವರೆಗೆ ಆ ತರಗತಿಯ ನಲವತ್ತೊಂದು ಮಕ್ಕಳೂ ಗೈಡಿನಿಂದ ಒಂದೇ ಪ್ರಬಂಧ ಇಳಿಸುತ್ತಿದ್ದರು. ನಲವತ್ತೊಂದು ಜನರ ಅಪ್ಪಂದಿರೂ ದಯಾಳು ರೈತರು. ಲಾರಿ ಓಡಿಸುವವನೂ ದಯಾಳು ರೈತ, ಅಪ್ಪನೇ ಇಲ್ಲದ ಹುಡುಗಿಯ ಅಪ್ಪನೂ ದಯಾಳು ರೈತ. ಅದಕ್ಕೆ ಈ ಸಲ ಕಟ್ಟುನಿಟ್ಟಾಗಿ ಹೇಳಿದ್ದ. ಗೈಡ್ ಮುಟ್ಟಬೇಡಿ, ನಿಮ್ಮನೇಲಿ ದಿನಾ ಏನು ನಡೆಯುತ್ತೋ ಅದನ್ನ ಫೋನಿಗೆ ಕನ್ನಡದಲ್ಲಿ ಹೇಳಿ, ಅದು ಇಂಗ್ಲಿಷ್ ಮಾಡಿಕೊಡುತ್ತೆ, ತಿದ್ದಿ ಬ್ಲಾಗಿಗೆ ಹಾಕಿ, ನಿಜ ಬರೆದವರಿಗೆ ಐದಕ್ಕೆ ಐದು.

ನಲವತ್ತೊಂದು ಮಕ್ಕಳೂ ಐದಕ್ಕೆ ಐದು ತೆಗೆದುಕೊಂಡರು.

ಗುರುವಾರ ಬೆಳಗ್ಗೆ ಪಾಳ್ಯದಲ್ಲಿ ಬಸ್ಸಿಳಿದಾಗ ಹಾಲಿನ ಕ್ಯಾನು ಹಿಡಿದು ಪಿಳ್ಳಮ್ಮ ನಿಂತಿದ್ದಳು. ಮೊಮ್ಮಗಳು ಮಾನಸ ಅವನ ತರಗತಿಯಲ್ಲೇ ಓದುತ್ತಿದ್ದುದು. ದಿನಾ ಎರಡು ಕೈ ಎತ್ತಿ ಮುಗಿಯುತ್ತಿದ್ದ ಮುದುಕಿ ಈವತ್ತು ಒಂದೇ ಕೈ ಎತ್ತಿದಳು. ಅದರಲ್ಲಿ ಫೋನಿತ್ತು.

“ಮೇಷ್ಟ್ರೇ, ನಾನು ಹಸೂಗಿಂತ ಮೇಲಾ?”

ಕೇಳಿದ್ದೇ ತಡ, ಫೋನು ತಾನೇ ಓದತೊಡಗಿತು. ಮಕ್ಕಳು ಕನ್ನಡವನ್ನು ಇಂಗ್ಲಿಷ್ ಮಾಡಿದ ಯಂತ್ರವೇ ದೊಡ್ಡವರಿಗೆ ಇಂಗ್ಲಿಷನ್ನು ಕನ್ನಡ ಮಾಡಿ ಗಟ್ಟಿಯಾಗಿ ಓದಿಹೇಳುತ್ತಿತ್ತು. ಬಸ್ ನಿಲ್ದಾಣದಲ್ಲಿ ಪ್ಲಾಟ್‌ಫಾರಂ ನಂಬರ್ ಕೂಗುವ ಹೆಂಗಸಿನ ದನಿ. ಯಾರ ಮನೆ ಮುಳುಗಿದರೂ ಅದಕ್ಕೆ ಒಂದೇ ರಾಗ. “ನಮ್ಮ ಹಸು ದಿನಕ್ಕೆ ಏಳು ಲೀಟರ್ ಹಾಲು ಕೊಡುತ್ತದೆ. ನಮ್ಮ ಅಜ್ಜಿ ಡೈರಿಗೆ ಒಂಬತ್ತು ಲೀಟರ್ ಕೊಡುತ್ತಾರೆ. ನಮ್ಮ ಅಜ್ಜಿ ಹಸುವಿಗಿಂತ ಮೇಲು. ದಯವಿಟ್ಟು ಗಮನಿಸಿ.”

ಕೊನೆಯ ಮಾತು ಮಾನಸಳದೋ ಯಂತ್ರದ್ದೋ ತಿಳಿಯಲಿಲ್ಲ. ಡೈರಿ ಕಾರ್ಯದರ್ಶಿ ಕೆಂಪರಾಜ್ ಮಾತ್ರ ಗಮನಿಸಿಬಿಟ್ಟಿದ್ದ. ವರ್ಷಗಟ್ಟಲೆ ಬೀರುವಿನಲ್ಲಿ ನಿದ್ದೆಹೋಗಿದ್ದ ಹಾಲಿನಲ್ಲಿ ನೀರಿದೆಯೇ ಎಂದು ನೋಡುವ ಮಾಪಕವನ್ನು ತೊಳೆದು, ಒರೆಸಿ, ಪಿಳ್ಳಮ್ಮನ ಕ್ಯಾನಿಗೆ ಅದ್ದಿದ್ದನಂತೆ. ಅದು ಈಜು ಬಾರದವನಂತೆ ತಳ ಸೇರಿತಂತೆ.

ಶಾಲೆಯ ಗೇಟು ಮುಟ್ಟುವುದರೊಳಗೆ ವಿಷಯ ಪೂರ್ತಿ ತಿಳಿಯಿತು. ನಿನ್ನೆ ಸಂಜೆ, ತರಗತಿಯ ಮಕ್ಕಳ ಮನೆಯಾಚೆ ಅದು ತೆರೆಯುವುದಿಲ್ಲವೆಂಬ ಧೈರ್ಯದಲ್ಲಿ, ತಾನೇ ಹೆಮ್ಮೆಯಿಂದ ಪೋಷಕರ ಗುಂಪಿಗೆ ಬ್ಲಾಗಿನ ಕೊಂಡಿ ಕಳಿಸಿದ್ದ. ಅದು ಪೋಷಕರಿಂದ ಡೈರಿಯ ಗುಂಪಿಗೆ, ಡೈರಿಯಿಂದ ಹೆಣ್ಣುಮಕ್ಕಳ ಸಂಘಕ್ಕೆ, ಸಂಘದಿಂದ ಹೊಸಕೋಟೆಗೆ ಮದುವೆಯಾಗಿ ಹೋದವರಿಗೆಲ್ಲ ದಾಟಿತ್ತು. ಬ್ಲಾಗನ್ನು ಎಷ್ಟು ಸಲ ನೋಡಿದ್ದಾರೆ ಎಂಬ ಲೆಕ್ಕದಲ್ಲಿ ಮೂರು ಸಾವಿರದ ಮುನ್ನೂರು ಎಂದಿತ್ತು. ಊರಿನ ಜನಸಂಖ್ಯೆ ಒಂಬೈನೂರು.

ಗೇಟಿನೊಳಗೆ ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಮುನಿಕೃಷ್ಣ ಕೂತಿದ್ದ. ಅವನು ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆಂದು ಊರು ನಂಬಿತ್ತು, ಹೆಂಡತಿ ಶಶಿರೇಖಾ ಎಲ್ಲರಿಗಿಂತ ಹೆಚ್ಚಾಗಿ ನಂಬಿದ್ದಳು. ಕೆಲಸ ಹೋಗಿ ಮೂರು ತಿಂಗಳಾಯಿತು, ಅಪ್ಪ ದಿನಾ ಡಬ್ಬಿ ತಗೊಂಡು ನಲ್ಲೂರಿನ ಹುಣಸೆತೋಪಿನಲ್ಲಿ ಕೂತು, ಉಂಡು, ಸಂಜೆ ಸುಸ್ತಾದವರಂತೆ ಬರುತ್ತಾರೆ, ಇದು ನಮ್ಮಿಬ್ಬರ ಗುಟ್ಟು ಎಂದು ಮಗ ಸುನಿಲ್‌ಕುಮಾರ್ ಬರೆದಿದ್ದ.

“ಬೈಯಕ್ ಬರ್ಲಿಲ್ಲ ಸಾರ್,” ಎಂದ ಮುನಿಕೃಷ್ಣ. “ಕೂತ್ಕಳಕ್ಕೆ ಜಾಗ ಇಲ್ಲ, ಅದಕ್ಕೆ ಬಂದೆ. ತೋಪಿಗೆ ಅವಳೇ ಬಂದು ಕೂತವ್ಳೆ.”

ಅಷ್ಟರಲ್ಲಿ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ದೊಡ್ಡಮುನಿಯಪ್ಪನವರು ಮೊಪೆಡ್ಡಿನ ಹಿಂದೆ ಒಂದು ನೀರಿನ ಫಿಲ್ಟರ್ ಕಟ್ಟಿಕೊಂಡು ಬಂದಿಳಿದರು. ದಾನಿಗಳು ಶಾಲೆಗೆ ಕೊಟ್ಟ ಆ ಫಿಲ್ಟರ್ ತಾತನ ಅಡುಗೆಮನೆಯಲ್ಲಿದೆ, ನೀರು ಬಹಳ ರುಚಿ, ನಮ್ಮ ಶಾಲೆಯಲ್ಲೂ ಒಂದಿದ್ದರೆ ಚೆನ್ನಾಗಿತ್ತು ಎಂದು ಅವರ ಮೊಮ್ಮಗ ಬರೆದಿದ್ದ. ರಿಪೇರಿಗೆ ತಗೊಂಡು ಹೋಗಿದ್ದೆ ಎಂದರು ಅಧ್ಯಕ್ಷರು. ಎರಡು ವರ್ಷದ ರಿಪೇರಿ. ಯಾರೂ ನಗಲಿಲ್ಲ, ಏಕೆಂದರೆ ಅಲ್ಲಿ ಸೇರಿದವರೆಲ್ಲರ ಮನೆಯಲ್ಲೂ ಒಬ್ಬೊಬ್ಬ ಬರಹಗಾರ ಹುಟ್ಟಿಕೊಂಡಿದ್ದ.

ಹನ್ನೊಂದು ಗಂಟೆಗೆ ಸ್ಟಾಫ್ ರೂಮು ತುಂಬಿತು. ಬ್ಲಾಗನ್ನೇ ಅಳಿಸಿಬಿಡುತ್ತೇನೆ ಎಂದು ಮನೋಹರ್ ಕೈಮುಗಿದ. ಅದಕ್ಕೆ ಒಪ್ಪಿಗೆ ಸಿಗಲಿಲ್ಲ. ಪ್ರತಿಯೊಬ್ಬರಿಗೂ ತಮ್ಮ ಮನೆಯದು ಹೋಗಬೇಕು, ಪಕ್ಕದ ಮನೆಯದು ಇರಬೇಕು. ನಮ್ಮುಡುಗ ಸುಳ್ಳ, ಪಿಳ್ಳಮ್ಮನ ಮೊಮ್ಮಗಳು ಬರೆದಿರೋದು ಮಾತ್ರ ಸತ್ಯ ಎಂದರು ಅಧ್ಯಕ್ಷರು. ಫಿಲ್ಟರ್‌ದು ಇರ್ಲಿ, ಅದನ್ನ ನಾನೇ ಕಣ್ಣಾರೆ ನೋಡಿದೀನಿ ಎಂದಳು ಪಿಳ್ಳಮ್ಮ. ಒಂದು ಗಂಟೆ ವಾದವಾದ ಮೇಲೆ ಎಲ್ಲರೂ ಒಪ್ಪಿದ್ದು ಒಂದೇ ಮಾತಿಗೆ: ತಪ್ಪು ಮೇಷ್ಟ್ರದ್ದು. ಈ ಮೇಷ್ಟ್ರು ಊರಿಗೆ ಬೇಡ, ದೂರು ಕೊಡುವುದೇ ಸರಿ.

ಮನೋಹರ್ ಕುರ್ಚಿಯಲ್ಲಿ ಒದ್ದೆ ಬಟ್ಟೆಯಂತೆ ಜೋತುಬಿದ್ದ. ಬ್ಲಾಗು ಹೋಯಿತು, ಕಡತ ಹೋಯಿತು, ಸೋಂಪುರ ಹೋಯಿತು. ಆಗ ಗಣಿತದ ಮೂರ್ತಿ ಅವನನ್ನು ಕೈ ಹಿಡಿದು ವರಾಂಡಕ್ಕೆ ಎಳೆದುಕೊಂಡು ಹೋದ. ಮೂರ್ತಿಗೆ ಬೇರೆಯವರ ಕಷ್ಟವೆಂದರೆ ಬಿಡಿಸಬೇಕಾದ ಲೆಕ್ಕ, ಉತ್ತರ ತಪ್ಪಾದರೂ ಸರಿ, ಬಿಡಿಸಲೇಬೇಕು.

“ಯಾಕ್ ಗುರು ಅಳ್ತಾ ಇದ್ದೀಯ? ನಿನ್ನ ಕಡತದ ಮೇಲೆ ಏನಂತ ಬರ್ದಿದ್ರು?”

“ಕಾರಣ ಸಾಲದು ಅಂತ.”

“ಈಗ ಊರೇ ಬಂದು ಕಾರಣ ಕೊಡ್ತಾ ಇದೆ. ಸೈನ್ಸ್ ಮೇಷ್ಟ್ರು ಮೇಲೆ ದೂರು ಹೋಗಿದ್ದು ಮರೆತ್ಯಾ? ಸಾಯಂಕಾಲದೊಳಗೆ ಎತ್ತಿ ದೊಡ್ಡಬಳ್ಳಾಪುರ ಪೇಟೆ ಮಧ್ಯಕ್ಕೆ ಹಾಕಿದ್ರು. ಸ್ಟಾಫ್ ರೂಮ್ ಕಿಟಕೀಲಿ ಬಸ್‌ ಸ್ಟ್ಯಾಂಡ್ ಕಾಣುತ್ತಂತೆ.”

ಮನೋಹರನ ಬೆನ್ನು ನೆಟ್ಟಗಾಯಿತು. ಒಳಗೆ ಬಂದಾಗ ಊರಿನವರು ಮೇಜಿನ ಮೇಲೆ ಬಿಳಿ ಹಾಳೆ, ಪೆನ್ನು ಇಟ್ಟುಕೊಂಡು ಅವನಿಗಾಗಿಯೇ ಕಾಯುತ್ತಿದ್ದರು. ಕಾಯದೆ ಇನ್ನೇನು? ಅವನು ಬಂದ ನಾಲ್ಕು ವರ್ಷದಿಂದ ಆ ಊರಿನ ಅರ್ಜಿಗಳೆಲ್ಲ ಅವನ ಕೈಯಿಂದಲೇ ಹೊರಟಿದ್ದವು. ವಿದ್ಯುತ್ ಕಂಬ, ವಿಧವಾ ವೇತನ, ಬೋರ್‌ವೆಲ್ಲು, ಕೊಟ್ಟಿಗೆ, ಕೊಟ್ಟಿಗೆಯ ಮೇಲೆ ಬಿದ್ದ ಕಂಬ, ಎಲ್ಲವೂ. ಈಗಲೂ ಯಾರಿಗೂ ಬೇರೆಯವರ ಹೆಸರು ಹೊಳೆಯಲಿಲ್ಲ.

“ಬರೀರಿ ಮೇಷ್ಟ್ರೇ,” ಎಂದರು ದೊಡ್ಡಮುನಿಯಪ್ಪ. “ಬೇಜಾರ್ ಮಾಡ್ಕಬೇಡಿ. ನಮಗೆ ಬರ್ಕೊಡೋರು ಇನ್ಯಾರವ್ರೆ? ಬರೋರು ಇಂಗ್ಲಿಷ್ ಸಾಹೇಬ್ರು, ಇಂಗ್ಲಿಷಲ್ಲೇ ಇರ್ಲಿ. ಕನ್ನಡದಾಗೆ ಅರ್ಜಿ ಕೊಟ್ಟಿದ್ ಕಂಬ ಇನ್ನೂ ಬಂದಿಲ್ಲ.”

ಮನೋಹರ್ ಬರೆದ. ಜೀವಮಾನದಲ್ಲಿ ಅವನು ಅಷ್ಟು ಮನಸ್ಸಿಟ್ಟು ಯಾರ ಬಗ್ಗೆಯೂ ಬರೆದಿರಲಿಲ್ಲ. ಈ ಶಿಕ್ಷಕ ಗ್ರಾಮದ ನೆಮ್ಮದಿಗೆ ಕೊಳ್ಳಿಯಿಟ್ಟವನು, ಇವನ ಪಾಠ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ, ಇವನನ್ನು ತಕ್ಷಣ, ಸಾಧ್ಯವಾದರೆ ಪಶ್ಚಿಮ ದಿಕ್ಕಿಗೆ, ಎತ್ತಂಗಡಿ ಮಾಡಬೇಕು. ನೆಲಮಂಗಲ ಇದ್ದದ್ದು ಪಶ್ಚಿಮಕ್ಕೆ. ಬರೆದದ್ದನ್ನು ಫೋನು ಕನ್ನಡದಲ್ಲಿ ಓದಿಹೇಳಿತು. ಪಿಳ್ಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಇಷ್ಟೊಂದ್ ಬೇಡ ಸ್ವಾಮಿ. ಪಾಪ, ಒಳ್ಳೇ ಮೇಷ್ಟ್ರು.”

“ಇರ್ಲಿ ಅಜ್ಜಿ,” ಎಂದ ಮನೋಹರ್. “ನಿಜ ತಾನೆ.”

ಕಾಗದ ಆಫೀಸಿನಲ್ಲಿ ಕಳೆದುಹೋಗುತ್ತದೆ ಎಂಬುದು ಕಂಬದ ಅನುಭವ. ಆದ್ದರಿಂದ ದೂರನ್ನು ಬ್ಲಾಗಿಗೂ ಹಾಕಬೇಕೆಂದು ಅಧ್ಯಕ್ಷರು ಅಪ್ಪಣೆ ಮಾಡಿದರು. ಮಕ್ಕಳು ತರಗತಿಯಿಂದ ಬಂದು ಟೈಪ್ ಮಾಡಿದರು. ಬರಿಯ ದೂರಿದ್ದರೆ ಸಾಲದೆಂದು ಒಬ್ಬೊಬ್ಬ ಪೋಷಕರೂ ಅದರ ಕೆಳಗೆ ತಮ್ಮ ಹೆಸರಿನಲ್ಲಿ ಒಂದೊಂದು ಸಾಲು ಸೇರಿಸಬೇಕೆಂದರು. ಒಬ್ಬೊಬ್ಬರಿಗೂ ಬೇರೆ ಬೇರೆ ಬೈಗುಳ ಹೊಳೆಯದಾಗ, ಅದನ್ನೂ ಮನೋಹರ್ ಇಂಗ್ಲಿಷಿನಲ್ಲೇ ಬರೆದುಕೊಟ್ಟ. ಒಂದರಂತೆ ಇನ್ನೊಂದಿಲ್ಲದಂತೆ ನಲವತ್ತೊಂದು ಬೈಗುಳ. ಗೈಡ್ ಮುಟ್ಟಲಿಲ್ಲ.

ಮೂರು ಗಂಟೆಗೆ ಜೀಪು ಬಂತು. ಆದಿನಾರಾಯಣಪ್ಪನವರು ಇಳಿದರು. ಕಣ್ಣು ಒದ್ದೆಯಾಗಿತ್ತು. ದಾರಿಯುದ್ದಕ್ಕೂ ಬ್ಲಾಗನ್ನೇ ಓದುತ್ತ ಬಂದಿದ್ದರು. ಅಧ್ಯಕ್ಷರು ದೂರಿನ ಹಾಳೆ ಚಾಚಿದರೆ, ಅದನ್ನು ಎರಡೂ ಕೈಯಲ್ಲಿ ಸನ್ಮಾನಪತ್ರದಂತೆ ತೆಗೆದುಕೊಂಡು ಅಲ್ಲೇ ಭಾಷಣಕ್ಕೆ ನಿಂತರು. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಪೋಷಕರು ಶಾಲೆಗೆ ಬಂದು ಮೊಟ್ಟೆ ಕೇಳಿದ್ದು ನೋಡಿದೀನಿ, ಟಿ.ಸಿ. ಕೇಳಿದ್ದು ನೋಡಿದೀನಿ. ಒಂದು ಊರಿಗೆ ಊರೇ ಇಂಗ್ಲಿಷ್ ಮೇಷ್ಟ್ರನ್ನು ಇಂಗ್ಲಿಷಿನಲ್ಲೇ ಬೈದದ್ದನ್ನು ಇದೇ ಮೊದಲು ನೋಡ್ತಿರೋದು. ಅದೂ ಎಂಥ ಇಂಗ್ಲಿಷು. ನನ್ನ ಆಫೀಸಿನಲ್ಲೇ ಹೀಗೆ ಬರೆಯೋರಿಲ್ಲ. ನಾಲ್ಕು ವರ್ಷದಲ್ಲಿ ಈ ಊರನ್ನು ಇಲ್ಲಿಗೆ ತಂದ ಮೇಷ್ಟ್ರು ಎಂಥವರಿರಬೇಕು.

“ಇದನ್ನ ಬರೆದೋರು ಯಾರು?” ಎಂದು ಕೇಳಿದರು ಕೊನೆಗೆ.

ಮನೋಹರ್ ಬಾಯಿ ತೆರೆದ. ನಾನೇ ಎಂದರೆ, ತನ್ನ ಮೇಲೆ ತಾನೇ ಸುಳ್ಳು ದೂರು ಸೃಷ್ಟಿಸಿದ ಮೇಷ್ಟ್ರು. ಸೋಂಪುರ ಒತ್ತಟ್ಟಿಗಿರಲಿ, ಸಸ್ಪೆನ್ಷನ್ನು. ಬಾಯಿ ಮುಚ್ಚಿದ. ಬೇಡಿಕೊಳ್ಳುವ ಕಣ್ಣಿನಿಂದ ಊರಿನವರನ್ನು ನೋಡಿದ. ಊರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸರ್ಕಾರದವರು ಆ ಊರನ್ನು ಹೊಗಳಿದ್ದು ಅದೇ ಮೊದಲು.

“ನಾವೇ ಬರ್ದಿದ್ದು ಸಾರ್,” ಎಂದರು ದೊಡ್ಡಮುನಿಯಪ್ಪ, ಮೀಸೆ ನೀವಿಕೊಂಡು.

“ಮೇಷ್ಟ್ರು ಹೇಳ್ಕೊಟ್ರು,” ಎಂದಳು ಪಿಳ್ಳಮ್ಮ. ಅದಂತೂ ಸುಳ್ಳಲ್ಲ.

ಪರಿವೀಕ್ಷಕರು ಕಡತ ತರಿಸಿ, ಜೀಪಿನ ಬಾನೆಟ್ಟಿನ ಮೇಲಿಟ್ಟು, ಎರಡು ಸಲ ‘ಕಾರಣ ಸಾಲದು’ ಎಂದಿದ್ದ ಜಾಗದ ಕೆಳಗೆ ದಪ್ಪಕ್ಷರದಲ್ಲಿ ಬರೆದರು: ‘ಇಲ್ಲಿಂದ ಬಿಡದಿರಲು ಕಾರಣ ಸಾಕಷ್ಟಿದೆ. ಐದು ವರ್ಷ ಕದಲಿಸಬಾರದು.’ ಕೆಳಗೆ ಸಹಿ. ಅಷ್ಟಕ್ಕೇ ಮನಸ್ಸು ತುಂಬದೆ, ತಾಲ್ಲೂಕಿನ ಇಂಗ್ಲಿಷ್ ಮೇಷ್ಟ್ರುಗಳಿಗೆಲ್ಲ ಬ್ಲಾಗು ಕಟ್ಟುವುದನ್ನು ಮನೋಹರ್ ಅವರೇ ಕಲಿಸತಕ್ಕದ್ದು ಎಂದು ಇನ್ನೊಂದು ಹಾಳೆಯನ್ನೂ ಬರೆದುಕೊಟ್ಟರು. ಶಾಲೆಯ ದಿನಗಳಲ್ಲಿ ಪಾಠ ಕೆಡಬಾರದಲ್ಲ, ಆದ್ದರಿಂದ ತರಬೇತಿ ಭಾನುವಾರಗಳಂದು.

ಜೀಪು ಹೋಯಿತು. ಲೆಕ್ಕದಲ್ಲಿ ಎಲ್ಲೋ ತಪ್ಪಾಗಿದೆ ಎಂದು ಗೊಣಗುತ್ತ ಮೂರ್ತಿ ಸೈಕಲ್ ಶೆಡ್ಡಿನ ಹಿಂದೆ ಮಾಯವಾದ. ದೊಡ್ಡಮುನಿಯಪ್ಪನವರು ಬಂದು ಮನೋಹರನ ಹೆಗಲ ಮೇಲೆ ಕೈಯಿಟ್ಟರು. ಅವರಿಗೂ ಒಳಗೊಳಗೇ ಬೇಸರವಾಗಿತ್ತು, ಏಕೆಂದರೆ ಗಲಾಟೆಯಲ್ಲಿ ಫಿಲ್ಟರ್ ಶಾಲೆಯಲ್ಲೇ ಉಳಿದಿತ್ತು.

“ನೀವು ಬೋ ಚೆನ್ನಾಗ್ ಬರ್ದ್‌ಬಿಟ್ರಿ ಮೇಷ್ಟ್ರೇ, ಅದಕ್ಕೇ ಕೆಡ್ತು. ಮುಂದಿನ್ ಸಲ ಸ್ವಲ್ಪ ಕೆಟ್ಟದಾಗಿ ಬರೀರಿ.”

ಬಸ್ಸಿಗೆ ಕಾಯುವಾಗ ಪಿಳ್ಳಮ್ಮ ಓಡಿಬಂದು ಒಂದು ಬಾಟಲಿ ಹಾಲು ಕೈಗಿಟ್ಟಳು. ಮಗೂಗೆ, ನೀರು ಹಾಕಿಲ್ಲ ಎಂದಳು. ಮನೋಹರ್ ಅದನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಾಗ ಹೆಂಡತಿ ಚೈತ್ರಳ ಫೋನು ಬಂತು.

“ರೀ, ಸೈನ್ ಹಾಕಿದ್ರಾ?”

“ಹಾಕಿದ್ರು,” ಎಂದ.

ಆ ಕಡೆ ಚೈತ್ರ ಸಂಭ್ರಮದಿಂದ ಮಗಳನ್ನು ಕೂಗಿ ಫೋನು ಕೊಟ್ಟಳು. ಯಾರಮ್ಮ ಅದು ಎಂದು ಮಗು ಕೇಳಿದ್ದು, ಭಾನುವಾರದಪ್ಪ ಕಣೇ ಎಂದು ಚೈತ್ರ ನಕ್ಕದ್ದು ಎರಡೂ ಕೇಳಿಸಿತು. ಮನೋಹರ್ ಜೇಬಿನಲ್ಲಿದ್ದ ತರಬೇತಿಯ ಹಾಳೆಯನ್ನು ಮುಟ್ಟಿನೋಡಿಕೊಂಡ. ವಾರಕ್ಕೆ ಎಂಟನೆಯದೊಂದು ದಿನವೇನಾದರೂ ಇದೆಯೇ ಎಂದು, ಸೋಮವಾರದಿಂದ ಶುರುಮಾಡಿ, ಬೆರಳು ಮಡಿಸಿ ಎಣಿಸತೊಡಗಿದ.