ಕಾಡೆಮ್ಮೆಗೆ ರಸಮೇವು, ನನಗೆ ಮುದ್ದೆ

ಕೆಲಸ ಆಗುವ ಮೊದಲೇ ಕೊಚ್ಚಿಕೊಳ್ಳುವುದು ನನ್ನ ಹುಟ್ಟುಗುಣ. ಕಿರಂಗೂರಿನಲ್ಲಿ ಹತ್ತು ಹಸು ಕಟ್ಟಿರುವ ನಾನು ಮುಸುಕಿನ ಜೋಳದ ದಂಟು ಕೊಚ್ಚಿ, ಗುಂಡಿಗೆ ಹಾಕಿ ಗಾಳಿಯಾಡದಂತೆ ತುಳಿದು, ಹುಳಿಯಾಗಲು ಬಿಟ್ಟು ರಸಮೇವು ಮಾಡುತ್ತೇನೆ. ಉಪ್ಪಿನಕಾಯಿ ಹಾಕುವ ಕೆಲಸವೇ, ಜಾಡಿ ಮಾತ್ರ ದೊಡ್ಡದು. ಬೇಸಿಗೆಗೆ ಹಸಿ ಹುಲ್ಲು ಸಾಲದೆ, ಮೃಗಾಲಯವೊಂದರ ಡಾಕ್ಟರಮ್ಮ ತಮ್ಮ ಕಾಡೆಮ್ಮೆಗೆ ನನ್ನ ಮೇವು ಕೊಟ್ಟು ನೋಡೋಣವೆಂದರು. ಅದು ತಿಂದರೆ ಬೇಸಿಗೆಯಿಡೀ ನನ್ನದೇ ಮೇವು. ಅಷ್ಟು ಸಾಕಾಯಿತು. ಪಾಂಡವಪುರದ ಬೀಗರಿಗೆ ಫೋನು ಮಾಡಿ ಹೇಳಿದೆ. ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ಗುರುತಿಲ್ಲದವರಿಗೂ ಹೇಳಿದೆ.

ಮೊದಲ ದಿನ ಕಾಡೆಮ್ಮೆ ಮೂಸಿತು, ಬುಸ್ಸೆಂದಿತು, ಬೆನ್ನು ತಿರುಗಿಸಿ ನಿಂತಿತು. ಕಿಕ್ಕೇರಿಗೆ ಹೆಣ್ಣು ನೋಡಲು ಹೋಗಿ ಬೇಡವೆನ್ನಿಸಿಕೊಂಡಾಗಲೂ ನನಗೆ ಇಷ್ಟು ಅವಮಾನವಾಗಿರಲಿಲ್ಲ. ಮುನಿದ ಹಸುವನ್ನು ಮನೆಯಲ್ಲಿ ರಮಿಸುವಂತೆ, "ತಿನ್ನು ನಮ್ಮವ್ವ, ನನ್ ಮಾನ ಉಳ್ಸು" ಎಂದು ಬೇಲಿಯ ಈಚೆಯಿಂದ ಗೋಗರೆದೆ. ಕೊನೆಗೆ ಜೇಬಿನಿಂದ ಬೆಲ್ಲದ ಅಚ್ಚು ತೆಗೆದೆ. ನಮ್ಮ ಸೀಮೆಯಲ್ಲಿ ಬೆಲ್ಲಕ್ಕೆ ಬಗ್ಗದ ಪ್ರಾಣಿಯೇ ಇಲ್ಲ. ಡಾಕ್ಟರಮ್ಮ ಅಚ್ಚನ್ನು ಕಿತ್ತು ತಮ್ಮ ಬ್ಯಾಗಿಗೆ ಹಾಕಿಕೊಂಡರು.

"ಅವಸರ ಮಾಡಬೇಡಿ ಯಜಮಾನ್ರೇ. ದಿನಾ ತಿನ್ನೋ ಹುಲ್ಲಲ್ಲೇ ಸ್ವಲ್ಪ ಬೆರೆಸೋಣ. ನಾಳೆ ಇನ್ನೊಂದು ಸ್ವಲ್ಪ. ಅದಕ್ಕೆ ಗೊತ್ತೇ ಆಗಬಾರದು."

ಮುಂದಿನ ಹದಿನೈದು ದಿನ ನನಗೆ ನಿದ್ದೆಯಿಲ್ಲ. ಪಕ್ಕದ ಮನೆಯ ಸಿದ್ದಣ್ಣ ಬೇರೆ, "ಏನ್ಲಾ, ನಿನ್ ಹೊಸ ಬೀಗ್ರು ಉಂಡ್ರೇನ್ಲಾ?" ಎಂದು ಕಿಚಾಯಿಸುತ್ತಿದ್ದ. ಊಟಕ್ಕೆ ಕೂತಾಗ ಹೆಂಡತಿ ಜಯಮ್ಮನಿಗೆ ಕಾಡೆಮ್ಮೆಯ ವರದಿ ಒಪ್ಪಿಸುತ್ತಾ ಮುದ್ದೆ ನುಂಗುತ್ತಿದ್ದೆ. ಸಕ್ಕರೆ ಕಾಯಿಲೆಗೆ ಓಟ್ಸ್ ಒಳ್ಳೆಯದೆಂದು ಅವಳು ವರ್ಷದಿಂದ ನನ್ನ ಬೆನ್ನು ಬಿದ್ದಿದ್ದಳು. "ಕುದ್ರೆ ಮೇವ ನನ್ಗಿಕ್ಕೀಯಾ?" ಎಂದು ತಟ್ಟೆ ತಳ್ಳಿ ಎದ್ದಿದ್ದೂ ಉಂಟು. ಪುಣ್ಯಕ್ಕೆ ಈಚೆಗೆ ಆ ಮಾತೆತ್ತುವುದನ್ನೇ ಬಿಟ್ಟಿದ್ದಳು.

ಹದಿನಾರನೆಯ ದಿನ ಬರೀ ರಸಮೇವು. ಕಾಡೆಮ್ಮೆ ತಲೆಯೆತ್ತದೆ ಮೇದು, ತೊಟ್ಟಿಯನ್ನೂ ನೆಕ್ಕಿತು. ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರೇ ಬಂತು. ಮನೆಗೆ ಬಂದವನೇ ಒಂದು ಮುದ್ದೆ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿ, "ಎಂಥಾ ದಡ್ಡ ಪ್ರಾಣಿ ಕಣಮ್ಮಿ! ಹದ್ನೈದು ದಿನ ಯಾಮಾರ್ಸುದ್ರೂ ಗೊತ್ತಾಗ್ನಿಲ್ಲ" ಎಂದು ನಕ್ಕೆ.

ಜಯಮ್ಮ ಸಾರು ಬಿಡುತ್ತಾ ಹೇಳಿದಳು: "ಊ ಕಣ್ರೀ, ಗೊತ್ತಾಗಾಕಿಲ್ಲ. ನೀವು ಆ ಡಾಕ್ಟ್ರಮ್ಮನ ಮಾತು ಹೇಳ್ದಾಗ್ಲಿಂದ ನಿಮ್ ಮುದ್ದೆಗೂ ದಿನಾ ಒಂದೊಂದು ಚಮಚ ಓಟ್ಸ್ ಹಿಟ್ಟು ಜಾಸ್ತಿ ಮಾಡ್ತಾ ಇವ್ನಿ. ಈಗ ರಾಗಿ ಅರ್ಧಾನೂ ಇಲ್ಲ."

ನಾನು ಬುಸ್ಸೆಂದು ಬೆನ್ನು ತಿರುಗಿಸಿ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಈಚೆಗೆ ತಿರುಗಿ, ಮುದ್ದೆ ಮುಗಿಸಿ, ತಟ್ಟೆಯನ್ನೂ ನೆಕ್ಕಿದೆ.