ಮಾಮನ ಜಾರುವ ಬೆಂಡು

ಏಕಾದಶಿಯ ದಿನ ಮೀನಿಗೂ ಉಪವಾಸ ಮಾಡಿಸಿದ ಮನುಷ್ಯ ಈ ಭೂಮಂಡಲದಲ್ಲಿ ಒಬ್ಬರೇ ಒಬ್ಬರು. ಅವರು ನನ್ನ ಸೋದರಮಾವ! ನಂಬುವುದಿಲ್ಲವೇ? ಬೇಡ ಬಿಡಿ, ತಿರುವಲ್ಲಿಕ್ಕೇಣಿಯ ನಮ್ಮ ಬೀದಿಯಲ್ಲೂ ಯಾರೂ ನಂಬುತ್ತಿರಲಿಲ್ಲ. ಹಣೆಯಲ್ಲಿ ಅಂಗಾರ ಅಕ್ಷತೆ, ತಲೆಯ ಹಿಂದೆ ಬೆರಳುದ್ದದ ಜುಟ್ಟು, ಈರುಳ್ಳಿ ಹೆಚ್ಚಿದ ಚಾಕು ಕಂಡರೆ ಮಾರು ದೂರ ಸರಿಯುವ ಸ್ವಭಾವ. ಇಂಥವರು ಭಾನುವಾರ ಬಂತೆಂದರೆ ಪೋರೂರು ಕೆರೆಯ ದಡದಲ್ಲಿ ಗಾಳ ಹಾಕಿಕೊಂಡು ಕೂರುತ್ತಾರೆ ಎಂದರೆ ಯಾರು ತಾನೇ ನಂಬುತ್ತಾರೆ?

ನಾನು ಅವರನ್ನು ಮಾಮ ಎನ್ನುತ್ತಿದ್ದೆ. ವಿಮಾ ಕಂಪನಿಯೊಂದರಲ್ಲಿ ಗುಮಾಸ್ತರು, ಮದುವೆಯಾಗಿರಲಿಲ್ಲ. ನನ್ನ ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನೂ ಎರಡು ವರ್ಷದ ನನ್ನನ್ನೂ ತಮ್ಮ ಮನೆಗೆ ಕರೆತಂದು ಇಟ್ಟುಕೊಂಡಿದ್ದರು. ಮನೆಯಲ್ಲಿ ಅವರ ತಾಯಿ, ಅಂದರೆ ನನ್ನ ಅಜ್ಜಿ, ಮಡಿಯ ಸೀರೆಯುಟ್ಟು ಆಳುತ್ತಿದ್ದರು.

ಈ ಹುಚ್ಚು ಹತ್ತಿಸಿದವರು ಮಾಮನ ಆಫೀಸಿನ ಆಂಗ್ಲೋ ಇಂಡಿಯನ್ ಸೂಪರಿಂಟೆಂಡೆಂಟರು, ಪಲ್ಲಾವರದವರು. ಐವತ್ತರ ದಶಕದ ನಡುವೆ ಒಂದು ಭಾನುವಾರ, ಯಾವುದೋ ಫೈಲಿಗೆ ಅವಸರದ ಸಹಿ ಬೇಕಾಗಿ ಮಾಮ ಅವರನ್ನು ಹುಡುಕಿಕೊಂಡು ಹೋದರೆ, ದೊರೆ ಪೋರೂರು ಕೆರೆಯ ದಡದಲ್ಲಿ ಗಾಳ ಹಾಕಿ ಕೂತಿದ್ದರು. ಅವರು ಸಹಿ ಹಾಕುತ್ತಿದ್ದಾಗ ಮಾಮನ ಕಣ್ಣು ನೀರಿನಲ್ಲಿ ತೇಲುತ್ತಿದ್ದ ಕೆಂಪು ತುದಿಯ ಬೆಂಡಿನ ಮೇಲೆ ಬಿತ್ತು. ಬಿದ್ದದ್ದು ಮತ್ತೆ ಏಳಲಿಲ್ಲ. ಮಧ್ಯಾಹ್ನದ ಊಟಕ್ಕೆ ಬರಬೇಕಾದವರು ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಬಂದರು. ಫೈಲು ಕೆರೆಯ ದಡದಲ್ಲೇ ಉಳಿದಿತ್ತು!

ಅಂದಿನಿಂದ ಮಾಮ ಈ ಲೋಕದಲ್ಲಿ ಅರ್ಧವೇ ಇದ್ದರು ಎನ್ನಬೇಕು. ಊಟಕ್ಕೆ ಕೂತರೆ ಸಾರಿನಲ್ಲಿ ತೇಲುವ ಕರಿಬೇವಿನ ಎಲೆಯನ್ನೇ ನೋಡುತ್ತ ಕೂರುವುದು. ಅದು ಮುಳುಗುವವರೆಗೆ ತುತ್ತು ಎತ್ತುತ್ತಿರಲಿಲ್ಲ. ಕರಿಬೇವು ಎಲ್ಲಿಯಾದರೂ ಮುಳುಗುತ್ತದೆಯೇ? ಅಜ್ಜಿ ಸೌಟಿನಿಂದ ಅದನ್ನು ಮುಳುಗಿಸಿ, "ಇಗೋ ಮುಳುಗ್ತು, ಉಣ್ಣೋ" ಎನ್ನುತ್ತಿದ್ದರು.

ಅವರು ಮರುಳಾದದ್ದು ಸಾಧಾರಣ ಬೆಂಡಿಗಲ್ಲ, ಜಾರುವ ಬೆಂಡಿಗೆ. ಸಾಧಾರಣ ಬೆಂಡು ದಾರಕ್ಕೆ ಕಟ್ಟಿಹಾಕಿದ್ದು. ಇದರ ಹೊಟ್ಟೆಯಲ್ಲಿ ಉದ್ದಕ್ಕೂ ತೂತು. ದಾರ ಅದರೊಳಗೆ ಸರಾಗವಾಗಿ ಓಡಾಡುತ್ತದೆ. ನೀರಿಗೆ ಎಸೆದಾಗ ಸೀಸದ ಗುಂಡು ದಾರವನ್ನು ಎಳೆದುಕೊಂಡು ಕೆಳಗಿಳಿಯುತ್ತದೆ. ದಾರದ ಮೇಲೆ ಕಟ್ಟಿದ ಪುಟ್ಟ ಗಂಟೊಂದು ಬಂದು ಬೆಂಡಿಗೆ ತಗುಲಿದಾಗ ನಿಲ್ಲುತ್ತದೆ. ಗಂಟನ್ನು ಎಲ್ಲಿ ಕಟ್ಟಿದರೆ ಅಷ್ಟು ಆಳ. ಇದನ್ನು ಹೇಳುವಾಗ ಮಾಮನ ದನಿ ತಗ್ಗುತ್ತಿತ್ತು, ಕಣ್ಣು ಅರೆಮುಚ್ಚುತ್ತಿತ್ತು. "ದಾರ ಇಳೀತಾ ಇರುತ್ತೆ ನೋಡಮ್ಮ, ಇಳೀತಾ, ಇಳೀತಾ... ಆಮೇಲೆ ನಿಲ್ಲುತ್ತೆ. ನಮ್ಮ ಮನಸ್ಸೂ ಅಲ್ಲೇ ನಿಂತ್‌ಬಿಡುತ್ತೆ." ಕೇಳುತ್ತ ಕೇಳುತ್ತ ನನಗೂ ನಿದ್ದೆಯಂಥದ್ದು ಬರುತ್ತಿತ್ತು.

ಇನ್ನು ದಾರದ ಆಯ್ಕೆ. ಅಬ್ಬಬ್ಬಾ! ದಪ್ಪ ದಾರವಾದರೆ ಬೆಂಡು ಜಾರುವುದಿಲ್ಲ, ಸಣ್ಣದಾದರೆ ಕಿತ್ತುಹೋಗುತ್ತದೆ. ನಡುವೆ ಎಲ್ಲೋ ಇರುವ ಆ ಒಂದೇ ಒಂದು ದಾರಕ್ಕಾಗಿ ಚೈನಾ ಬಜಾರಿನಲ್ಲಿ ಮೂರು ಶನಿವಾರ ಅಲೆದರು. "ನನ್ನ ಮಗಳಿಗೆ ಗಂಡು ಹುಡುಕೋವಾಗ್ಲೂ ಹಿಂಗೇ ಅಲೀತೀಯೇನಣ್ಣಾ?" ಎಂದು ಅಮ್ಮ ಕೇಳಿದರೆ, "ಗಂಡು ಕಿತ್ತುಹೋಗಲ್ಲ ಬಿಡು" ಎಂದರು.

ಮೂರನೆಯ ಶನಿವಾರ ನಾನೂ ಜೊತೆಗಿದ್ದೆ. ಅಂಗಡಿಯವನು ಗಾಜಿನಂತೆ ಹೊಳೆಯುವ ದಾರವೊಂದನ್ನು ತೆಗೆದು, "ಸಾಮಿ, ಪಟ್ಟುಪ್ಪುಳು ನರಂಬು, ಅಸಲ್ ಶೀಮೈ ಸರಕ್ಕು" ಎಂದ. ಅಸಲಿ ವಿಲಾಯಿತಿ ಸರಕೇ, ಆದರೆ ರೇಷ್ಮೆಹುಳುವಿನ ನರದಿಂದ ಮಾಡಿದ್ದು ಅಂತ ಗೊತ್ತಾದದ್ದೇ ತಡ, ಮಾಮ ಕೈ ಹಿಂತೆಗೆದರು. ಹುಳುವನ್ನು ಕೊಂದು ಮಾಡಿದ ದಾರ ತಮಗೆ ಬೇಡವೇ ಬೇಡ! ಅಂಗಡಿಯವನು ಮಾಮನ ಹೆಗಲ ಮೇಲಿದ್ದ ರೇಷ್ಮೆಯ ಉತ್ತರೀಯವನ್ನು ತಣ್ಣಗೆ ನೋಡಿದ. ಮಾಮ ಉತ್ತರೀಯವನ್ನು ಮಡಿಸಿ ನನ್ನ ಕೈಗೆ ಕೊಟ್ಟು, ಯಾವ ಪ್ರಾಣಿಗೂ ಸಂಬಂಧಪಡದ ನೈಲಾನ್ ದಾರ ಕೇಳಿದರು.

ತಂದ ದಾರದ ಬಲಪರೀಕ್ಷೆ ಅಡುಗೆಮನೆಯಲ್ಲೇ ನಡೆಯಿತು. ಜಂತೆಗೆ ದಾರ ಕಟ್ಟಿ, ತುದಿಗೆ ಹಿತ್ತಾಳೆ ಕೊಡ ತೂಗುಹಾಕಿ, ಅದಕ್ಕೆ ಚೊಂಬು ಚೊಂಬಾಗಿ ನೀರು ಸುರಿದರು. ಐದನೆಯ ಚೊಂಬಿಗೆ ದಾರ ಕಿತ್ತು ಕೊಡ ನೇರವಾಗಿ ಇಡ್ಲಿ ಹಿಟ್ಟಿನ ಪಾತ್ರೆಯ ಮೇಲೆ ಬಿತ್ತು. ಎರಡು ದಿನದ ಇಡ್ಲಿ ಗೋಡೆಗೆ ಹತ್ತಿಕೊಂಡಿತು. "ಕೊಡದಷ್ಟು ತೂಕದ ಮೀನು ಪೋರೂರಲ್ಲಿ ಎಲ್ಲಿದ್ಯೋ?" ಎಂದು ಅಜ್ಜಿ ಕೂಗಿಕೊಂಡರು. "ಸಿಕ್ಕರೂ ಬಿಟ್ಟುಬಿಡ್ತೀನಲ್ಲಮ್ಮ" ಎಂದರು ಮಾಮ. "ಬಿಡೋದಾದ್ರೆ ಹಿಡಿಯೋದ್ಯಾಕೆ?" ಎಂದು ಅಜ್ಜಿ ಕೇಳುವಷ್ಟರಲ್ಲಿ ಮಾಮ ಗೋಡೆ ಒರೆಸಲು ಬಟ್ಟೆ ಹುಡುಕುತ್ತಿದ್ದರು.

ಮುಂದಿನ ತೊಡಕು ಆ ಪುಟ್ಟ ಗಂಟಿನದು. ನೈಲಾನಿನ ಮೇಲೆ ನೈಲಾನಿನ ಗಂಟು ನಿಲ್ಲುವುದಿಲ್ಲ, ಹತ್ತಿಯ ಎಳೆಯೇ ಬೇಕು. ಅದೂ ಬಿಗಿಯಾಗಿ ಹೊಸೆದ ಎಳೆ. ಒಂದು ದಿನ ಮಾಮ ಬಹಳ ಸಾಧುವಾಗಿ ಅಜ್ಜಿಯನ್ನು ಕೇಳಿದರು: "ಅಮ್ಮಾ, ಉಪಾಕರ್ಮ ಆದ್ಮೇಲೆ ಹಳೇ ಜನಿವಾರ ಏನ್ಮಾಡ್ಬೇಕು?"

"ನೀರಿಗೆ ಬಿಡಬೇಕು. ಅಷ್ಟೂ ಗೊತ್ತಿಲ್ವಾ?"

"ನಾನೂ ನೀರಿಗೇ ಬಿಡ್ತಿರೋದು!" ಎಂದು ಮಾಮ ಗಾಳದ ದಾರವನ್ನು ಎತ್ತಿ ತೋರಿಸಿದರು. ಅಜ್ಜಿ ಮಡಿಯಲ್ಲೇ ಮತ್ತೊಮ್ಮೆ ಸ್ನಾನಕ್ಕೆ ಹೋದರು.

ಏಕಾದಶಿಯ ಸಂಗತಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಮಾಮ ಗಾಳಕ್ಕೆ ಎರೆಹುಳು ಚುಚ್ಚುವವರಲ್ಲ, ಅಕ್ಕಿಹಿಟ್ಟಿನ ಉಂಡೆ. ಭಾನುವಾರವೇ ಏಕಾದಶಿ ಬಂದರೆ? ತಾವು ನೀರು ಸಹ ಮುಟ್ಟದ ದಿನ ಇನ್ನೊಂದು ಜೀವಕ್ಕೆ ಅನ್ನ ತಿನ್ನಿಸುವುದು ಸರಿಯೇ? ಬರೀ ಗಾಳ ಇಳಿಬಿಟ್ಟು ಕೂತರು. ವಿಚಿತ್ರ ನೋಡಿ, ಅವತ್ತೇ ಒಂದು ಮೀನು ಸಿಕ್ಕಿತಂತೆ! ಗಾಳದ ಮುಳ್ಳನ್ನು ಮೊದಲೇ ಅರದಿಂದ ತಿಕ್ಕಿ ನುಣ್ಣಗೆ ಮಾಡಿಟ್ಟಿದ್ದರಿಂದ ಅದಕ್ಕೆ ಹೆಚ್ಚು ನೋವಾಗಲಿಲ್ಲವಂತೆ. "ನಾಳೆ ಪಾರಣೆಗೆ ಬಾ" ಎಂದು ಹೇಳಿ ನೀರಿಗೆ ಬಿಟ್ಟು ಬಂದರು.

ಎಲ್ಲ ಸರಿ, ಆದರೆ ಆಚಾರವಂತರ ಬೀದಿಯಲ್ಲಿ ಆರಡಿಯ ಬಿದಿರು ಕೋಲನ್ನು ಒಯ್ಯುವುದು ಹೇಗೆ? ಮಾಮ ಅದನ್ನು ಮಡಿಬಟ್ಟೆ ಹರವುವ ಕೋಲಿನಂತೆ ಹೆಗಲಿಗೇರಿಸಿ ನಡೆಯುತ್ತಿದ್ದರು. ಎದುರುಮನೆಯವರು "ವಾರಾವಾರ ಮಡಿಕೋಲು ಎಲ್ಲಿಗೆ ಸಾರ್?" ಎಂದಾಗ, "ಪೋರೂರಲ್ಲಿ ನಮ್ಮೋರು ಒಬ್ಬರು ಇದ್ದಾರೆ, ವಯಸ್ಸಾಗಿದೆ, ಬಟ್ಟೆ ಒಣಹಾಕಿ ಕೊಟ್ಟು ಬರ್ತೀನಿ" ಎಂದುಬಿಟ್ಟರು. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಹೇಳಿದ ಸುಳ್ಳು! ಮೂರು ತಿಂಗಳಲ್ಲಿ ಆ 'ವಯಸ್ಸಾದವರು' ಬೀದಿಯವರ ಬಾಯಲ್ಲಿ ಹರೆಯದವರಾದರು. ಬ್ರಹ್ಮಚಾರಿ ಮಾಮನಿಗೆ ಪೋರೂರಿನಲ್ಲೊಂದು ಸಂಸಾರವಿದೆ ಎಂದು ಗುಸುಗುಸು ಹಬ್ಬಿತು.

ನನಗೆ ಕ್ರೋಂಪೇಟೆಯ ಸಂಬಂಧ ಬಂದದ್ದು ಆಗಲೇ. ಹುಡುಗ ಬ್ಯಾಂಕಿನಲ್ಲಿ ಕೆಲಸ, ಕನ್ನಡದವರೇ, ನೋಡಿ ಒಪ್ಪಿಕೊಂಡಿದ್ದ. ನಾನೂ ಒಪ್ಪಿದ್ದೆ, ಕೊಂಚ ಜಾಸ್ತಿಯೇ ಒಪ್ಪಿದ್ದೆ. ಆದರೆ ಅವನ ತಂದೆ "ವಿಚಾರಿಸಿ ಹೇಳ್ತೀವಿ" ಎಂದು ಎದ್ದುಹೋದವರು ಮೂರು ವಾರ ಮಾತಿಲ್ಲ. ತಂದೆಯಿಲ್ಲದ ಹುಡುಗಿ ಎಂದು ಅದಕ್ಕೆ ಮೊದಲೇ ಎರಡು ಸಂಬಂಧ ತಪ್ಪಿಹೋಗಿದ್ದವು. ಅಮ್ಮ ಊಟ ಬಿಟ್ಟರು. ನಾನು ಪೋಸ್ಟ್‌ಮನ್ನಿನ ಸೈಕಲ್ ಬೆಲ್ಲಿಗೆ ಕಿವಿಕೊಟ್ಟು ಕೂರುತ್ತಿದ್ದೆ.

ನಾಲ್ಕನೆಯ ಭಾನುವಾರ ಮಾಮ ಪೋರೂರಿನಿಂದ ಮಧ್ಯಾಹ್ನಕ್ಕೇ ಬಂದರು. ಕೈಯಲ್ಲಿ ಕೋಲಿರಲಿಲ್ಲ. "ಕ್ರೋಂಪೇಟೆಯವರು ಒಪ್ಪಿದ್ದಾರಮ್ಮ. ದಾರೀಲಿ ಸಿಕ್ಕಿದ್ರು" ಎಂದರು. ಮನೆಯೆಲ್ಲ ಗಲಗಲ. ಆ ಗದ್ದಲದಲ್ಲಿ ಅಜ್ಜಿ ಕೋಲೆಲ್ಲಿ ಎಂದು ಕೇಳಿದಾಗ, "ದೊರೆಗೆ ಕೊಟ್ಟೆ. ನಂಗೆ ಕಣ್ಣು ಮಂಜಾಗಿದೆ, ದಾರ ಕಾಣ್ಸಲ್ಲ" ಎಂದರು. ನಾನು ನಕ್ಕು, "ಕೊನೆಗೂ ಬುದ್ಧಿ ಬಂತಾ ಮಾಮ?" ಎಂದೆ. ಅವರೂ ನಕ್ಕರು.

ಮದುವೆಯಾಗಿ ಐದು ವರ್ಷವಾಗಿತ್ತು. ಒಂದು ದಿನ ಕ್ರೋಂಪೇಟೆಯ ಮನೆಯಲ್ಲಿ ಮಾವನವರು, ಅಂದರೆ ನನ್ನ ಗಂಡನ ತಂದೆ, ಕಾಫಿ ಕುಡಿಯುತ್ತ ಏನೋ ಮಾತಿಗೆ ಹೇಳಿದರು: "ನಿನ್ನ ಸೋದರಮಾವ ದೊಡ್ಡ ಮನುಷ್ಯ ಕಣಮ್ಮ. ಪೋರೂರಲ್ಲಿ ಸಂಸಾರ ಇದೆ ಅಂತ ಕೇಳಿ ನಾನೇ ನೋಡಕ್ಕೆ ಹೋಗಿದ್ದೆ. ಹೋದ್ರೆ ಮೀನು ಹಿಡೀತಾ ಕೂತಿದ್ರು! ಸಂಸಾರ ಇದ್ದಿದ್ರೂ ಕ್ಷಮಿಸ್ತಿದ್ದೆ. ಗಾಳ ಮುಟ್ಟೋರ ಮನೆ ಹೆಣ್ಣು ಬೇಡ ಅಂದೆ. ಅಲ್ಲೇ, ಆ ಕ್ಷಣವೇ, ಇನ್ನು ಮುಟ್ಟಲ್ಲ ಅಂತ ಮಾತು ಕೊಟ್ರು. ಈಗ್ಲೂ ಭಾನುವಾರ ಅಲ್ಲಿಗೆ ಹೋಗ್ತಾರೆ, ಬರೀ ಕೈಲಿ. ನಾನು ಎರಡು ಸಲ ಹೋಗಿ ನೋಡಿ ಬಂದಿದೀನಿ, ಮಾತಿಗೆ ತಪ್ಪಿಲ್ಲ."

ಅವರು ಮೆಚ್ಚಿಕೊಂಡೇ ಹೇಳಿದರು. ನನಗೆ ಲೋಟ ತೊಳೆಯಲು ಕೈ ಬರಲಿಲ್ಲ.

ಮುಂದಿನ ಭಾನುವಾರ ತವರಿಗೆ ಎಂದು ಹೇಳಿ ಪೋರೂರಿಗೆ ಹೋದೆ. ಮಧ್ಯಾಹ್ನದ ಬಿಸಿಲು ಮೆತ್ತಗಾಗಿತ್ತು. ಕೆರೆಯ ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ಎಮ್ಮೆಗಳು ಕತ್ತಿನವರೆಗೆ ಮುಳುಗಿ ಕಣ್ಣುಮುಚ್ಚಿದ್ದವು. ಮಾಮ ಕಲ್ಲೊಂದರ ಮೇಲೆ ಕೈಕಟ್ಟಿ ಕೂತಿದ್ದರು. ಪಕ್ಕದಲ್ಲಿ ಊರಿನ ಮುದುಕನೊಬ್ಬ ಗಾಳ ಹಾಕಿದ್ದ. ಮಾಮ ನೀರಿನಿಂದ ಕಣ್ಣು ಕೀಳದೆ, "ಪೆರಿಯವರೇ, ಮುಡಿಚ್ಚೈ ಇನ್ನುಂ ಒರು ಅಡಿ ಮೇಲೆ ಏತ್ತುಂಗೊ" ಎಂದು ಗಂಟನ್ನು ಒಂದಡಿ ಮೇಲೇರಿಸಲು ಹೇಳುತ್ತಿದ್ದರು. ಇಪ್ಪತ್ತು ಗಜ ದೂರದ ಬೆಂಡಿನ ತುದಿ ಆ ಮಂಜುಗಣ್ಣಿಗೆ ಚೆನ್ನಾಗಿ ಕಾಣುತ್ತಿತ್ತು!

ನಾನು ಹೋಗಿ ಪಕ್ಕದಲ್ಲಿ ಕೂತೆ. "ಯಾಕೆ ಹೇಳ್ಲಿಲ್ಲ ಮಾಮ?" ಎಂದೆ.

"ಹೇಳಿದ್ರೆ ಆ ಗಂಡೇ ಬೇಡ ಅಂತ ಕೂತ್ಕೋತಿದ್ದೆ. ನಿನ್ನ ಹಟ ನಂಗೊತ್ತಿಲ್ವಾ?" ಎಂದರು. ಆಮೇಲೆ, ನನ್ನನ್ನು ಸಮಾಧಾನ ಮಾಡುವವರಂತೆ, "ಕೆರೆಗೆ ಬರಬೇಡಿ ಅಂತೇನೂ ಅವರು ಹೇಳ್ಲಿಲ್ಲವಲ್ಲಮ್ಮ" ಎಂದರು.

ನಾನು ಅತ್ತೆ, ಮುಚ್ಚಿಡುವುದೇನು? ಐದು ವರ್ಷ ಇವರ ಬೆಂಡಿನ ಕಥೆ ಹೇಳಿ ಹೇಳಿ ಗಂಡನ ಮನೆಯವರನ್ನು ನಗಿಸಿದ್ದೆ. ನನ್ನ ಮೇಲೆಯೇ ಸಿಟ್ಟು ಬಂತು. ಎದ್ದು ಮುದುಕನ ಕೈಯಿಂದ ಕೋಲು ಇಸಿದುಕೊಂಡು ಮಾಮನ ಮುಂದೆ ಹಿಡಿದೆ. ಅವರು ಬೆಂಕಿ ಕಂಡವರಂತೆ ಹಿಂದೆ ಸರಿದು, "ಬೇಡಮ್ಮ, ಮಾತು ಕೊಟ್ಟಿದೀನಿ" ಎಂದರು.

"ಸರಿ. ನಾನು ಯಾರಿಗೂ ಮಾತು ಕೊಟ್ಟಿಲ್ಲ!" ಎಂದು ಸೆರಗು ಸಿಕ್ಕಿಸಿಕೊಂಡೆ.

"ಏ, ಏ! ನಿಮ್ಮ ಮಾವನವರು ನೋಡಿದ್ರೆ?"

"ನೋಡ್ಲಿ. ಹೇಗೂ ಬಂದು ನೋಡ್ತಾರಲ್ಲ."

ಮೊದಲು ಎಸೆದದ್ದು ಜೊಂಡಿನಲ್ಲಿ ಸಿಕ್ಕಿಕೊಂಡಿತು. ಎರಡನೆಯದು ಎಮ್ಮೆಯೊಂದರ ಪಕ್ಕಕ್ಕೆ ಬಿತ್ತು. "ಮಣಿಕಟ್ಟು ಸಡಿಲ ಬಿಡು... ಹಾಂ, ಈಗ... ದಾರ ತಡೀಬೇಡ, ಇಳೀಲಿ" ಎನ್ನುತ್ತ ಮಾಮ ನನ್ನ ಬೆನ್ನ ಹಿಂದೆ ಬಂದು ನಿಂತಿದ್ದರು. ಮೂರನೆಯದು ನಿಂತ ನೀರಿನಲ್ಲಿ ಮೆಲ್ಲಗೆ ಬಿತ್ತು. ಬೆಂಡು ಮಲಗಿತ್ತು, ದಾರ ಇಳಿಯುತ್ತ ಇಳಿಯುತ್ತ ಹೋಗಿ ನಿಂತಿತು, ಬೆಂಡು ನೆಟ್ಟಗೆ ಎದ್ದಿತು. ಎಷ್ಟು ಹೊತ್ತು ನೋಡಿದೆನೋ ತಿಳಿಯದು. ಆಮೇಲೆ ಅದು ಒಮ್ಮೆ ನಡುಗಿ ನೀರೊಳಗೆ ಹೋಯಿತು.

"ಎಳೀಲಾ ಮಾಮ?" ಎಂದು ತಿರುಗಿ ನೋಡಿದೆ.

"ತಾಳು, ತಾಳು..." ಎಂದರು. ಅವರ ಎರಡು ಕೈಗಳೂ ಬೆನ್ನ ಹಿಂದೆ ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿದ್ದವು.